ಹುಳ-ಹುಪ್ಪಡಿಗಳು ಹೇಗೆ ಕೇಳುತ್ತವೆ?



ಹಿಂಗಾರಿ ಜೋಳ ಹಾಲುಗಾಳಿಗೆ ಬಂದಾಗ ಹೊಲ ಕಾಯಲಿಕ್ಕೆ ಹೋಗಿ ಮಲಗಿದವರಿಗೆ ಇದು ಹೊಸ ಮಾತಲ್ಲ. ಹೊತ್ತು ಮುಳುಗಿ ಒಂದು ತಾಸಾಗುವಷ್ಟರಲ್ಲಿ ನವಲಗುಂದ ತಾಲೂಕಿನ ನಮ್ಮ ತಿರ್ಲಾಪುರದ ಎರಿ ಹೊಲವೆಲ್ಲ ಒದರಲಿಕ್ಕೆ ಹತ್ತುತ್ತದೆ. ನೆಲದ ಬಿರುಕಿನೊಳಗಿಂದ ಒಂದು ಹುಳ ಕಿರ್ ಎನ್ನುತ್ತದೆ, ಬದುವಿನ ಹುಲ್ಲಿನೊಳಗಿಂದ ಇನ್ನೊಂದು ಜೀರ್ ಎನ್ನುತ್ತದೆ. ನೀವು ಸದ್ದಿಲ್ಲದೆ ಹತ್ತಿರ ಹೋಗಿ ನೋಡಬೇಕೆಂದರೆ, ನಾಲ್ಕು ಹೆಜ್ಜೆ ಇರುವಾಗಲೇ ಅದು ಗಪ್ಪಾಗುತ್ತದೆ. ನೀವು ಬಂದದ್ದು ಅದಕ್ಕೆ ಹ್ಯಾಂಗ ಗೊತ್ತಾಯಿತು? ಒಂದು ಹುಳ ಒದರಿದ್ದು ಇನ್ನೊಂದಕ್ಕೆ ಕೇಳಿಸುತ್ತದೆಯೇ? ಕೇಳಿಸಿದರೆ ಎಲ್ಲಿಂದ ಕೇಳುತ್ತದೆ? ಅದರ ತಲೆಯ ಮೇಲೆ ಕಿವಿ ಕಂಡವರು ಯಾರೂ ಇಲ್ಲ.

ಈ ಪ್ರಶ್ನೆ ಬರೇ ಚೆಂದಕ್ಕೆ ಕೇಳುವದಲ್ಲ. ಕಡಲೆಯ ಕಾಯಿ ಕೊರೆಯುವ ಹುಳದ ಪತಂಗ ರಾತ್ರಿ ಹಾರಿ ಬಂದು ತತ್ತಿ ಇಡುತ್ತದೆ. ಅದಕ್ಕೆ ನಾವು ಔಷಧ ಸಿಂಪಡಿಸುತ್ತೇವೆ. ಆ ಔಷಧ ಮುಟ್ಟುವದು ಹುಳದ ನರವನ್ನೇ. ಅಂಥದೇ ನರ ನಮ್ಮ ಮೈಯಲ್ಲಿಯೂ ಇದೆ. ಇನ್ನು ಕೆಲವರು ಸಂತೆಯಲ್ಲಿ, ಜಾಹೀರಾತಿನಲ್ಲಿ, ಸಪ್ಪಳ ಮಾಡಿ ಹುಳ ಓಡಿಸುವ ಪೆಟ್ಟಿಗೆ ಎಂದು ಹೇಳಿ ದುಡ್ಡು ಕೇಳುತ್ತಾರೆ. ಹುಳದ ಕಿವಿ ಮತ್ತು ಅದರ ನರ ಹೇಗೆ ಕೆಲಸ ಮಾಡುತ್ತವೆ ಎಂಬುದು ಗೊತ್ತಿದ್ದರೆ ಯಾವದನ್ನು ನಂಬಬೇಕು, ಯಾವದಕ್ಕೆ ಅಂಜಬೇಕು ಎಂಬುದು ತಾನೇ ತಿಳಿಯುತ್ತದೆ. ಕೃಷಿ ಡಿಪ್ಲೋಮಾ ಓದಿ ಊರೂರು ತಿರುಗುವ ನನ್ನಂಥವರಿಗೆ ಈ ವಿಷಯ ಓದಿ ತಿಳಿಯಬೇಕಾದದ್ದು. ಶಾಸ್ತ್ರಜ್ಞರು ಇದನ್ನು ಕಂಡುಹಿಡಿಯಲಿಕ್ಕೆ ಸುಮಾರು ಎರಡು ನೂರು ವರ್ಷ ತೆಗೆದುಕೊಂಡರು. ಆ ಕಥೆಯನ್ನೇ ಇವತ್ತು ಕೇಳ್ರಿ.

ಮೊದಲು ಕಿವಿ ಹುಡುಕಿದ ಕಥೆ. 1826ರಲ್ಲಿ ಜರ್ಮನಿಯ ಯೋಹಾನೆಸ್ ಮ್ಯೂಲರ್ ಎಂಬ ಶಾಸ್ತ್ರಜ್ಞರು ಮಿಡತೆಯ ಹೊಟ್ಟೆಯ ಪಕ್ಕದಲ್ಲಿ ಇರುವ ತೆಳುವಾದ ಪೊರೆಯೊಂದನ್ನು, ಅದಕ್ಕೆ ಬಂದು ಸೇರುವ ನರವನ್ನು ಬಣ್ಣಿಸಿ, ಇದು ಕೇಳುವ ಅಂಗ ಎಂದರು. 1844ರಲ್ಲಿ ಅದೇ ದೇಶದ ಕಾರ್ಲ್ ಫಾನ್ ಸೀಬೋಲ್ಡ್ ಇನ್ನೊಂದು ಬಗೆಯ ಕಿವಿಯನ್ನು ತೋರಿಸಿದರು. ಬಿರುಕಿನೊಳಗೆ ಕುಳಿತು ಒದರುವ ಹುಳಕ್ಕೆ ಪುಸ್ತಕದಲ್ಲಿ ಚಿಮ್ಮಂಡೆ ಎಂಬ ಹೆಸರು ಇದೆ. ನಮ್ಮ ಕಡೆ ಊರಿಗೊಂದು ಹೆಸರಿನಿಂದ ಕರೆಯುತ್ತಾರೆ. ಈ ಚಿಮ್ಮಂಡೆಯ ಮತ್ತು ಅದರ ಬಳಗದ ಹಸಿರು ಮಿಡತೆಗಳ ಕಿವಿ ಇರುವದು ಮುಂಗಾಲಿನಲ್ಲಿ, ಮೊಣಕಾಲಿನ ಕೆಳಗೆ! ನಂಬಲಿಕ್ಕೆ ಆಗುವದಿಲ್ಲ, ಅಲ್ಲವೇನ್ರಿ? ಒಂದು ಚಿಮ್ಮಂಡೆ ಹಿಡಿದು ಬಿಸಿಲಿಗೆ ಹಿಡಿದು ನೋಡಿದರೆ ಮುಂಗಾಲಿನ ಮೇಲೆ ಸಣ್ಣ ಬೆಳ್ಳನೆಯ ಚುಕ್ಕೆಯೊಂದು ಕಾಣುತ್ತದೆ. ಡೊಳ್ಳಿಗೆ ಬಿಗಿದ ಚರ್ಮದಂಥ ಪೊರೆ ಅದು.

1855ರಲ್ಲಿ ಅಮೇರಿಕೆಯ ಬಾಲ್ಟಿಮೋರ್ ನಗರದ ಡಾಕ್ಟರ ಕ್ರಿಸ್ಟೋಫರ್ ಜಾನ್‌ಸ್ಟನ್ ಅವರು ಸೊಳ್ಳೆಯ ಮೀಸೆಯ ಬುಡದಲ್ಲಿ ಒಂದು ಗುಂಡನೆಯ ಗಂಟು ಇದೆ, ಅದು ಕೇಳುವ ಅಂಗ ಎಂದು ತಿಳಿಸಿದರು. ಹೆಣ್ಣು ಸೊಳ್ಳೆಯ ರೆಕ್ಕೆಯ ಗುಂಯ್ ಎಂಬ ಸಪ್ಪಳವನ್ನು ಗಂಡು ಸೊಳ್ಳೆ ಕೇಳುವದು ಅದರಿಂದಲೇ. ರಾತ್ರಿ ಹಾರುವ ಎಷ್ಟೋ ಪತಂಗಗಳ ಕಿವಿ ಎದೆ ಮತ್ತು ಹೊಟ್ಟೆ ಕೂಡುವಲ್ಲಿದೆ. ಹೀಗೆ ಹುಳದ ಜಾತಿಗೊಂದು ಕಡೆ ಕಿವಿ. ತಲೆಯ ಮೇಲೆ ಮಾತ್ರ ಹುಡುಕಿದವರಿಗೆ ಅದು ಸಿಗದೆ ಹೋದದ್ದು ಆಶ್ಚರ್ಯವಲ್ಲ.

ಆದರೆ ಪೊರೆ ಇದೆ, ನರ ಇದೆ ಎಂದ ಮಾತ್ರಕ್ಕೆ ಅದು ಕೇಳುತ್ತದೆ ಎಂದು ಹೇಳಬಹುದೇ? ಹೆಣ್ಣು ಚಿಮ್ಮಂಡೆ ಗಂಡಿನ ಹತ್ತಿರ ಹೋಗುವದು ಅದರ ದನಿ ಕೇಳಿಯೋ, ಮೈವಾಸನೆ ಹಿಡಿದೋ, ಕಣ್ಣಿಂದ ಕಂಡೋ? ಒದರುವದು ಗಂಡು ಮಾತ್ರ ಎಂಬುದನ್ನು ಇಲ್ಲಿ ನೆನಪಿಡಿರಿ. ಅದು ಬಾಯಿಂದ ಒದರುವದಿಲ್ಲ, ಒಂದು ರೆಕ್ಕೆಯ ಅಂಚನ್ನು ಇನ್ನೊಂದು ರೆಕ್ಕೆಯ ಹಲ್ಲುಗಳ ಮೇಲೆ ತಿಕ್ಕಿ ದನಿ ಎಬ್ಬಿಸುತ್ತದೆ. ಈ ಪ್ರಶ್ನೆಗೆ ಉತ್ತರ ಕೊಟ್ಟವರು ವಿಯೆನ್ನಾ ನಗರದಲ್ಲಿ ಶಾಲೆಯ ಮಾಸ್ತರರಾಗಿದ್ದ ಇವಾನ್ ರೇಗನ್. 1913ರಲ್ಲಿ ಅವರು ಒಂದು ಸುಲಭ ಉಪಾಯ ಮಾಡಿದರು. ಗಂಡು ಹುಳವನ್ನು ಒಂದು ಕಡೆ ಟೆಲಿಫೋನಿನ ಮುಂದೆ ಇಟ್ಟರು. ಹೆಣ್ಣನ್ನು ಬೇರೆ ಕಡೆ, ಟೆಲಿಫೋನಿನ ಇನ್ನೊಂದು ತುದಿಯ ಹತ್ತಿರ ಬಿಟ್ಟರು. ಗಂಡಿನ ವಾಸನೆ ಇಲ್ಲ, ರೂಪ ಇಲ್ಲ, ತಂತಿಯ ಮೇಲೆ ಬಂದ ದನಿ ಮಾತ್ರ. ಹೆಣ್ಣು ಹುಳ ನಡೆದುಕೊಂಡು ಬಂದು ಟೆಲಿಫೋನಿನ ಮುಂದೆ ನಿಂತಿತು. ಕೇಳುವದು ನಿಜ, ಬರೇ ದನಿಯಿಂದಲೇ ದಾರಿ ಹಿಡಿಯುವದೂ ನಿಜ ಎಂದು ಅಂದಿಗೆ ಸಿದ್ಧವಾಯಿತು. ದೊಡ್ಡ ಯಂತ್ರ ಬೇಕಾಗಲಿಲ್ಲ. ಒಳ್ಳೆಯ ಪ್ರಶ್ನೆ ಬೇಕಾಗಿತ್ತು.

ಇನ್ನು ದನಿ ಒಳಗೆ ಹೋದ ಮೇಲಿನ ಮಾತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್ಗರ್ ಏಡ್ರಿಯನ್ ಎಂಬವರು 1926ರ ಹೊತ್ತಿಗೆ ಒಂದೊಂದೇ ನರದ ಎಳೆಯೊಳಗೆ ಹರಿಯುವ ಸಂದೇಶವನ್ನು ಅಳೆದು ತೋರಿಸಿದರು. 1932ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅವರು ಕಂಡದ್ದು ಇಷ್ಟು: ನರದಲ್ಲಿ ಹೋಗುವದು ದನಿಯಲ್ಲ, ವಿದ್ಯುತ್ತಿನ ಸಣ್ಣ ಸಣ್ಣ ಮಿಡಿತಗಳು. ಪ್ರತಿಯೊಂದು ಮಿಡಿತವೂ ಒಂದೇ ಅಳತೆಯದು. ಸಂಗತಿ ಜೋರಾಗಿದ್ದರೆ ಮಿಡಿತ ದೊಡ್ಡದಾಗುವದಿಲ್ಲ, ಮೇಲಿಂದ ಮೇಲೆ ಬರುತ್ತದೆ. ಊರಾಗ ಡಂಗುರ ಸಾರುವವನನ್ನು ನೆನೆಸಿಕೊಳ್ಳಿರಿ. ಹಲಗೆಯ ಪೆಟ್ಟು ಒಂದೇ ಬಗೆಯದು. ಅವಸರದ ಸುದ್ದಿ ಇದ್ದರೆ ಪೆಟ್ಟು ದಟ್ಟವಾಗುತ್ತದೆ. ನರದ ಭಾಷೆಯೂ ಹಾಗೆಯೇ. 1933ರಲ್ಲಿ ಅಮೇರಿಕೆಯ ಪ್ರಿನ್ಸ್‌ಟನ್ನಿನ ವೀವರ್ ಮತ್ತು ಬ್ರೇ ಅವರು ಕೀಟಗಳ ಕಿವಿಯ ನರಕ್ಕೇ ತಂತಿ ಜೋಡಿಸಿ, ಸಪ್ಪಳ ಮಾಡಿದಾಗ ಈ ಮಿಡಿತಗಳು ಏಳುವದನ್ನು ಹಿಡಿದರು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ನಮ್ಮ ಒಂದು ಕಿವಿಯಿಂದ ಮಿದುಳಿಗೆ ಹೋಗುವ ನರದ ಎಳೆಗಳು ಸುಮಾರು 30,000. ಚಿಮ್ಮಂಡೆಯ ಒಂದು ಕಿವಿಯಲ್ಲಿ ಇರುವ ಕೇಳುವ ನರಕೋಶಗಳು 60ರಿಂದ 70. ಪತಂಗದ ಕಿವಿಯಲ್ಲಿ? ನಮ್ಮ ಕಾಯಿಕೊರಕ ಹುಳದ ಬಳಗದ ಪತಂಗಕ್ಕೆ ಎರಡೇ ಎರಡು! ಇಷ್ಟು ಬಡ ಬಂಡವಾಳದಲ್ಲಿ ಇವು ಸಂಸಾರ ಹೇಗೆ ನಡೆಸುತ್ತವೆ ಎಂಬುದೇ ಮುಂದಿನ ಶಾಸ್ತ್ರಜ್ಞರಿಗೆ ಸೋಜಿಗವಾಯಿತು.

ಅದಕ್ಕೂ ಮೊದಲು ನರದಿಂದ ನರಕ್ಕೆ ಸುದ್ದಿ ಹೇಗೆ ದಾಟುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ಔಷಧದ ಮಾತು ಬಂದಾಗ ಇದೇ ಬೇಕು. ಒಂದು ನರ ಮುಗಿದು ಇನ್ನೊಂದು ಸುರುವಾಗುವಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ಮಿಡಿತ ಅಲ್ಲಿಗೆ ಬಂದು ಮುಟ್ಟಿದಾಗ ನರದ ತುದಿಯಿಂದ ಒಂದು ರಸ ಒಸರುತ್ತದೆ. ಆ ರಸ ಸಂದು ದಾಟಿ ಮುಂದಿನ ನರವನ್ನು ಎಬ್ಬಿಸುತ್ತದೆ. ಹುಳದ ಕಿವಿಯಂಥ ಅಂಗಗಳಿಂದ ಬರುವ ನರಗಳಲ್ಲಿ ಈ ರಸದ ಹೆಸರು ಅಸಿಟೈಲ್‌ಕೋಲಿನ್. ಕೆಲಸ ಮುಗಿದ ಕೂಡಲೆ ಅದನ್ನು ಒರೆಸಿಹಾಕಲಿಕ್ಕೆ ಇನ್ನೊಂದು ಪದಾರ್ಥ ಅಲ್ಲಿಯೇ ಕಾದಿರುತ್ತದೆ. ಮಡಿಗೆ ನೀರು ಬಿಟ್ಟು, ತುಂಬಿದ ಕೂಡಲೆ ಬಾಯಿ ಕಟ್ಟುತ್ತೀರಲ್ಲ, ಹಾಗೆ. ಕಟ್ಟದೆ ಬಿಟ್ಟರೆ ಬೆಳೆ ಏನಾದೀತು, ನಿಮಗೆ ಹೇಳಬೇಕಾಗಿಲ್ಲ.

ಈಗ ಮುಂದಿನ ಪ್ರಶ್ನೆ. ದನಿ ಯಾವ ದಿಕ್ಕಿನಿಂದ ಬಂತು? ನಮ್ಮ ಎರಡು ಕಿವಿಗಳ ನಡುವೆ ಗೇಣು ಅಂತರ ಇದೆ. ಹುಳದ ಎರಡು ಮುಂಗಾಲಿನ ನಡುವೆ ಎಷ್ಟು ಅಂತರ ಇದ್ದೀತು? ಈ ಕೆಲಸದಲ್ಲಿ ಹೆಸರು ಮಾಡಿದವರು ಜರ್ಮನಿಯ ಫ್ರಾಂಟ್ಸ್ ಹ್ಯೂಬರ್. 1950ರ ದಶಕದಲ್ಲಿ ಅವರು ಚಿಮ್ಮಂಡೆಯ ಮಿದುಳಿಗೆ ಕೂದಲಿನಂಥ ತಂತಿ ಮುಟ್ಟಿಸಿ, ತುಸು ವಿದ್ಯುತ್ತು ಕೊಟ್ಟು, ಹುಳ ತಾನಾಗಿ ಹಾಡುವಂತೆ ಮಾಡಿದ್ದರು. ಅವರೂ ಅಮೇರಿಕೆ, ರಶಿಯಾದ ಶಾಸ್ತ್ರಜ್ಞರೂ 1970ರ ದಶಕದ ಕೊನೆಗೆ ಹುಳದ ಎದೆಯೊಳಗಿನ ನರದ ಗಂಟಿನಲ್ಲಿ ಒಂದು ಜೋಡಿ ನರಕೋಶಗಳನ್ನು ಕಂಡರು. ಎಡಗಿವಿಯ ಸುದ್ದಿ ಹಿಡಿಯುವ ಕೋಶ ಬಲಗಡೆಯ ಸುದ್ದಿಯನ್ನು ಅಮುಕುತ್ತದೆ, ಬಲಗಡೆಯದು ಎಡಗಡೆಯದನ್ನು ಅಮುಕುತ್ತದೆ. ದನಿ ಎಡಗಡೆ ತುಸು ಹೆಚ್ಚು ಕೇಳಿದರೂ ಸಾಕು, ಎಡದ್ದು ಬಲದ ಬಾಯಿ ಮುಚ್ಚಿಸಿ ಆ ತುಸು ಅಂತರವನ್ನೇ ದೊಡ್ಡದು ಮಾಡುತ್ತದೆ. ಹುಳ ಎಡಕ್ಕೆ ತಿರುಗುತ್ತದೆ. ತಕ್ಕಡಿಯ ಮುಳ್ಳು ಗುಂಜಿ ತೂಕಕ್ಕೂ ಒಂದು ಕಡೆ ವಾಲುವಂತೆ ಇದು.

ದಿಕ್ಕು ತಿಳಿಯಿತು, ಆದರೆ ದನಿ ಯಾರದು? ಹೊಲದಲ್ಲಿ ಹತ್ತು ಜಾತಿ ಹುಳ ಒದರುತ್ತಿರುತ್ತವೆ. ಹೆಣ್ಣು ತನ್ನ ಜಾತಿಯ ಗಂಡನ್ನೇ ಹುಡುಕಬೇಕು. ರೇಡಿಯೋದ ಮುಳ್ಳನ್ನು ತಿರುಗಿಸಿ ಧಾರವಾಡ ಕೇಂದ್ರ ಹಿಡಿದಂತೆ, ಅದರ ಕಿವಿಯ ಕೆಲವು ಕೋಶಗಳು ತನ್ನ ಜಾತಿಯ ಸ್ವರಕ್ಕೇ ಹೊಂದಿಕೊಂಡಿರುತ್ತವೆ. ಹೊಲದ ಕಪ್ಪು ಚಿಮ್ಮಂಡೆಯ ಸ್ವರ ಸೆಕೆಂಡಿಗೆ ಸುಮಾರು 5,000 ಸಾರೆ ಮಿಡಿಯುತ್ತದೆ. ಅಷ್ಟೇ ಸಾಲದು, ತಾಳವೂ ಕೂಡಬೇಕು. ಕಿರ್-ಕಿರ್-ಕಿರ್ ಎಂಬಲ್ಲಿ ಒಂದು ಕಿರ್‌ಗೂ ಇನ್ನೊಂದಕ್ಕೂ ಎಷ್ಟು ಬಿಡುವು ಎಂಬುದೇ ಜಾತಿಯ ಗುರುತು. ಇದನ್ನು ಹುಳ ಲೆಕ್ಕ ಹಾಕುವ ಬಗೆ ತಿಳಿದದ್ದು ತೀರ ಈಚೆಗೆ, 2015ರಲ್ಲಿ. ಕೇಂಬ್ರಿಜ್‌ನ ಬೆರ್ಟೋಲ್ಡ್ ಹೆಡ್‌ವಿಗ್ ಮತ್ತು ಅವರ ಸಂಗಡಿಗರು ಐದು ನರಕೋಶಗಳ ಒಂದು ಸಣ್ಣ ಜಾಲವನ್ನು ತೋರಿಸಿದರು. ಮೊದಲನೆಯ ಕಿರ್ ಸುದ್ದಿ ಎರಡು ದಾರಿ ಹಿಡಿಯುತ್ತದೆ, ಒಂದು ನೆಟ್ಟಗೆ, ಒಂದು ಸುತ್ತಿ ಬಳಸಿ ತಡವಾಗಿ. ಎರಡನೆಯ ಕಿರ್ ನೆಟ್ಟನೆಯ ದಾರಿಯಲ್ಲಿ ಬರುವದೂ, ಮೊದಲನೆಯದು ಸುತ್ತುದಾರಿಯಲ್ಲಿ ಬಂದು ಮುಟ್ಟುವದೂ ಒಂದೇ ಗಳಿಗೆಗೆ ಆದರೆ ಅಲ್ಲಿರುವ ಕೋಶ ಜೋರಾಗಿ ಮಿಡಿಯುತ್ತದೆ. ಇವ ನಮ್ಮವ ಎಂದು ಗುರುತು ಸಿಕ್ಕಂತೆ. ಬಿಡುವು ಹೆಚ್ಚು-ಕಡಿಮೆ ಆಗಿದ್ದರೆ ಇಬ್ಬರೂ ಕೂಡುವದಿಲ್ಲ, ಕೋಶ ಸುಮ್ಮನಿರುತ್ತದೆ. ಸಾಸಿವೆ ಕಾಳಿನಷ್ಟು ಮಿದುಳಿನಲ್ಲಿ ತಾಳ ಎಣಿಸುವ ಮೇಳವೇ ಕುಳಿತಿದೆ ನೋಡ್ರಿ.

ಇನ್ನೊಂದು ತೊಡಕು ಇತ್ತು. ಗಂಡು ಚಿಮ್ಮಂಡೆಯ ದನಿ ಹತ್ತಿರದಿಂದ ಭಾಳ ಜೋರು. ಅದರ ಕಿವಿ ಅದರ ರೆಕ್ಕೆಯ ಮಗ್ಗುಲಿಗೇ ಇದೆ. ಗಿರಣಿಯ ಸಪ್ಪಳದಾಗ ನಿಂತವನಿಗೆ ಬೇರೆಯವರ ಮಾತು ಕೇಳಿಸುವದಿಲ್ಲ. ಹಾಗಾದರೆ ತನ್ನ ದನಿಗೆ ತಾನೇ ಕಿವುಡಾಗದೆ ಅದು ಸುತ್ತಲಿನ ಸಪ್ಪಳ ಹೇಗೆ ಕೇಳುತ್ತದೆ? 2002ರಲ್ಲಿ ಜೇಮ್ಸ್ ಪೂಲೆ ಮತ್ತು ಹೆಡ್‌ವಿಗ್ ಇದಕ್ಕೆ ಉತ್ತರ ಕಂಡರು, 2006ರಲ್ಲಿ ಆ ಕೆಲಸ ಮಾಡುವ ನರಕೋಶವನ್ನೇ ಗುರುತಿಸಿದರು. ರೆಕ್ಕೆಗೆ ಒದರು ಎಂಬ ಅಪ್ಪಣೆ ಹೋಗುವಾಗಲೇ, ಇದು ನಮ್ಮದೇ ದನಿ, ತುಸು ತಡಿ ಎಂಬ ಸುದ್ದಿ ಕೇಳುವ ನರಗಳಿಗೂ ಹೋಗುತ್ತದೆ. ಒಂದು ಕಿರ್ ಮುಗಿದ ಕೂಡಲೆ ಕಿವಿ ತೆರೆಯುತ್ತದೆ. ನಡುವಿನ ಆ ಬಿಡುವಿನಲ್ಲಿ ಅದು ಹೊರಗಿನ ಸಪ್ಪಳ ಕೇಳುತ್ತದೆ. ನಿಮ್ಮ ಹೆಜ್ಜೆಗೆ ಗಪ್ಪಾಗುವ ಗುಟ್ಟಿನಲ್ಲಿ ಇನ್ನೂ ಒಂದು ಪಾಲು ಇದೆ: ನೆಲದ ನಡುಕ ಹಿಡಿಯುವ ಅಂಗ ಅದರ ಕಾಲಿನಲ್ಲಿದೆ, ಗಾಳಿಯ ಸುಳುವು ಹಿಡಿಯುವ ಕೂದಲು ಅದರ ಹಿಂಬದಿಯ ಎರಡು ಕಡ್ಡಿಗಳ ಮೇಲಿವೆ.

ಇದೆಲ್ಲ ಪರದೇಶದ ಮಾತಾಯಿತು ಅಂತೀರೇನು? ನಮ್ಮ ರಾಜ್ಯದಲ್ಲಿಯೂ ಈ ವಿದ್ಯೆ ಬೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಹಿಣಿ ಬಾಲಕೃಷ್ಣನ್ ಅವರೂ ಅವರ ವಿದ್ಯಾರ್ಥಿಗಳೂ ಕುದುರೆಮುಖದ ಕಾಡಿನಲ್ಲಿ ರಾತ್ರಿ ಕುಳಿತು, ಯಾವ ಹುಳ ಯಾವ ಹೊತ್ತಿಗೆ ಯಾವ ಸ್ವರದಲ್ಲಿ ಒದರುತ್ತದೆ ಎಂದು ಲೆಕ್ಕ ಹಿಡಿದಿದ್ದಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಉಲ್ಲೋಡು ಎಂಬ ಹಳ್ಳಿಯ ಹತ್ತಿರ, ತುಳಸಿಯ ಬಳಗದ ಕಾಡುಗಿಡದ ಮೇಲೆ ಇರುವ ಗಿಡದ ಚಿಮ್ಮಂಡೆಯನ್ನು ಅವರು ವರ್ಷಾನುಗಟ್ಟಲೆ ನೋಡಿದರು. ಈ ಹುಳದ ಕೆಲವು ಗಂಡುಗಳು ಎಲೆಯ ನಡುವೆ ಒಂದು ತೂತು ಕಚ್ಚಿ, ಅದರಲ್ಲಿ ತಲೆ ತೂರಿಸಿ, ರೆಕ್ಕೆಯನ್ನು ಎಲೆಗೆ ತಾಗಿಸಿ ಒದರುತ್ತವೆ. ಎಲೆ ದನಿಯನ್ನು ದೊಡ್ಡದು ಮಾಡುತ್ತದೆ. ಎಲ್ಲ ಗಂಡುಗಳೂ ಹೀಗೆ ಮಾಡುವದಿಲ್ಲ. ಮೈಸಣ್ಣವೂ ದನಿ ಸಣ್ಣವೂ ಆದ ಗಂಡುಗಳೇ ಹೆಚ್ಚಾಗಿ ಮಾಡುತ್ತವೆ ಎಂದು 2020ರಲ್ಲಿ ಅವರು ಪ್ರಕಟಿಸಿದರು. ತೂತು ಎಲೆಯ ನಡುಮಧ್ಯಕ್ಕೇ ಬರುವಂತೆ, ಎಲೆ ಆದಷ್ಟು ದೊಡ್ಡದೇ ಇರುವಂತೆ ಹುಳ ನೋಡಿಕೊಳ್ಳುತ್ತದೆ ಎಂಬುದು 2017ರಲ್ಲಿಯೇ ತಿಳಿದಿತ್ತು. ಬಡವ ಉಪಾಯದಿಂದ ಬಾಳುವದು ಮನುಷ್ಯರಲ್ಲಿ ಮಾತ್ರ ಅಲ್ಲ!

ಇದೇ ಹುಳದಿಂದ ಚಳಿ-ಸೆಕೆಯ ಮಾತೂ ತಿಳಿದಿದೆ. ಚಳಿಯಲ್ಲಿ ಹುಳ ನಿಧಾನವಾಗಿ, ಸೆಕೆಯಲ್ಲಿ ಬೇಗ ಬೇಗ ಒದರುವದನ್ನು ನೀವೂ ಕೇಳಿದ್ದೀರಿ. 1897ರಲ್ಲಿಯೇ ಅಮೇರಿಕೆಯ ಡಾಲ್ಬೇರ್ ಎಂಬ ಪ್ರಾಧ್ಯಾಪಕರು ಚಿಮ್ಮಂಡೆಯ ಕಿರ್ ಎಣಿಸಿ ಹವೆಯ ಉಷ್ಣತೆ ಹೇಳಬಹುದು ಎಂದು ಬರೆದಿದ್ದರು. ಹುಳಕ್ಕೆ ನಮ್ಮಂತೆ ಮೈಯ ಬಿಸಿ ತನ್ನದಲ್ಲ. ಹವೆ ತಂಪಾದರೆ ಅದರ ನರವೂ ಸ್ನಾಯುವೂ ನಿಧಾನ. ಗಿಡದ ಚಿಮ್ಮಂಡೆಯ ಸ್ವರವೇ ಹವೆಯೊಂದಿಗೆ ಏರಿಳಿಯುತ್ತದೆ. ಹೀಗಿರುವಾಗ ಹೆಣ್ಣಿನ ಕಿವಿ ಒಂದೇ ಸ್ವರಕ್ಕೆ ಕಟ್ಟುಬಿದ್ದಿದ್ದರೆ ಚಳಿಯ ರಾತ್ರಿ ಗಂಡಿನ ಗುರುತು ತಪ್ಪಬೇಕಾಗಿತ್ತು. ಹಾಗಿಲ್ಲ, ಅದರ ಕಿವಿ ಅಗಲವಾಗಿ ತೆರೆದಿದೆ ಎಂದು ನತಾಶಾ ಮ್ಹಾತ್ರೆ, ಬಾಲಕೃಷ್ಣನ್ ಮೊದಲಾದವರು 2011ರಲ್ಲಿ ತೋರಿಸಿದರು.

ಒದರುವದರಿಂದ ಅಪಾಯವೂ ಇದೆ. ಬಾವಲಿಗೆ, ಅಂದರೆ ನಮ್ಮ ಕಣ್ಣಕಪ್ಪಡಿಗೆ, ದನಿ ಕೇಳಿ ಹುಳ ಹಿಡಿಯುವದು ಸುಲಭ. ಆದರೆ ಇದೇ ತಂಡದವರು ಪಶ್ಚಿಮ ಘಟ್ಟದ ಕಡೆ ಬಾವಲಿಗಳು ತಿಂದು ಬಿಟ್ಟ ಹಸಿರು ಮಿಡತೆಗಳ ರೆಕ್ಕೆಗಳನ್ನು ಆರಿಸಿ ನೋಡಿದಾಗ, ಒದರುವ ಗಂಡಿಗಿಂತ ಸುಮ್ಮನಿರುವ ಹೆಣ್ಣುಗಳೇ ಹೆಚ್ಚು ಬಲಿಯಾಗಿದ್ದವು. 2015ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹೆಣ್ಣು ದನಿಯ ಬೆನ್ನು ಹತ್ತಿ ತಿರುಗಾಡುತ್ತದೆ, ತಿರುಗಾಡುವಾಗಲೇ ಸಿಕ್ಕಿಬೀಳುತ್ತದೆ.

ಕಣ್ಣಕಪ್ಪಡಿ ಮತ್ತು ಹುಳದ ಈ ಜಗಳದಲ್ಲಿಯೇ ನಮ್ಮ ಕಡಲೆ, ಹತ್ತಿ, ತೊಗರಿಯ ಮಾತು ಇದೆ. ಬಾವಲಿ ನಮ್ಮ ಕಿವಿಗೆ ಕೇಳಿಸದಷ್ಟು ಕೀರಲು ದನಿ ಹೊರಡಿಸಿ, ಅದರ ಮರುದನಿಯಿಂದ ದಾರಿ ನೋಡುತ್ತದೆ ಎಂಬ ಶೋಧ 1938ರಿಂದ ಮುಂದೆ ಅಮೇರಿಕೆಯ ಡೊನಾಲ್ಡ್ ಗ್ರಿಫಿನ್ ಅವರಿಂದ ಆಯಿತು. ನಮ್ಮ ಕಿವಿ ಸೆಕೆಂಡಿಗೆ 20,000 ಮಿಡಿತದವರೆಗಿನ ದನಿ ಮಾತ್ರ ಕೇಳುತ್ತದೆ. ಬಾವಲಿಯ ದನಿ ಹೆಚ್ಚಾಗಿ ಅದರ ಮೇಲಿನದು. 1957ರಲ್ಲಿ ಕೆನೆತ್ ರೋಡರ್ ಮತ್ತು ಆಶರ್ ಟ್ರೀಟ್ ಎಂಬವರು ಪತಂಗದ ಕಿವಿಯ ನರ ಈ ದನಿಗೆ ಮಿಡಿಯುತ್ತದೆ ಎಂದು ತೋರಿಸಿದರು. ನರದ ಮಿಡಿತವನ್ನು ದೊಡ್ಡದು ಮಾಡಿ ಕೇಳಿಸುವ ಯಂತ್ರವನ್ನು ಜೋಡಿಸಿ, ರಾತ್ರಿ ಬಯಲಿಗೆ ಒಯ್ದು ಕುಳಿತರು. ಮನುಷ್ಯರ ಕಿವಿಗೆ ಸುತ್ತಲೆಲ್ಲ ಮೌನ. ಪತಂಗದ ನರ ಮಾತ್ರ ಟಕಟಕ ಎನ್ನುತ್ತಿತ್ತು. ಬಾವಲಿ ಬರುತ್ತಿರುವದನ್ನು ಪತಂಗದ ಕಿವಿಯಿಂದಲೇ ಅವರು ಕೇಳಿದರು.

ಎರಡು ಕೋಶಗಳ ಕೆಲಸ ಹೀಗೆ. ಒಂದು ಸೂಕ್ಷ್ಮವಾದದ್ದು. ಬಾವಲಿ ಸುಮಾರು 30 ಮೀಟರ್ ದೂರ ಇರುವಾಗಲೇ ಅದು ಎಚ್ಚರಿಸುತ್ತದೆ. ಬಾವಲಿಗೆ ಪತಂಗ ಇನ್ನೂ ತಿಳಿದಿರುವದೇ ಇಲ್ಲ. ಆಗ ಪತಂಗ ಬೆನ್ನು ತಿರುಗಿಸಿ ದೂರ ಹಾರುತ್ತದೆ. ಇನ್ನೊಂದು ಕೋಶ ಮಂದವಾದದ್ದು, ದನಿ ಬಹಳ ಜೋರಾದಾಗ ಮಾತ್ರ ಮಿಡಿಯುತ್ತದೆ. ಬಾವಲಿ ಮೈಮೇಲೆ ಬಂತು ಎಂದು ಅರ್ಥ. ಆಗ ಪತಂಗ ರೆಕ್ಕೆ ಮಡಚಿ ಕಲ್ಲಿನಂತೆ ನೆಲಕ್ಕೆ ಬೀಳುತ್ತದೆ, ಇಲ್ಲವೆ ಸುತ್ತಿ ಸುತ್ತಿ ಹಾರುತ್ತದೆ. ರೋಡರ್ ಇದನ್ನು ಹೀಗೆ ವಿವರಿಸಿದರು. ಹಾರುವ ಚಿಮ್ಮಂಡೆಯಲ್ಲಿಯೂ ಇಂಥದೇ ಏರ್ಪಾಡು ಇದೆ. 1984ರಲ್ಲಿ ನೋಲನ್ ಮತ್ತು ರೊನಾಲ್ಡ್ ಹಾಯ್ ಎಂಬವರು ಒಂದೇ ಒಂದು ನರಕೋಶವನ್ನು ಎಬ್ಬಿಸಿದರೆ ಹುಳ ಬಾವಲಿಯಿಂದ ತಪ್ಪಿಸಿಕೊಳ್ಳುವಂತೆ ಹೊರಳುತ್ತದೆ, ಅದನ್ನು ಸುಮ್ಮನಿರಿಸಿದರೆ ಕೀರಲು ದನಿ ಕೇಳಿದರೂ ಹೊರಳುವದಿಲ್ಲ ಎಂದು ತೋರಿಸಿದರು. ಅದೂ ಹಾರುತ್ತಿರುವಾಗ ಮಾತ್ರ. ನೆಲದ ಮೇಲಿದ್ದಾಗ ಅದಕ್ಕೆ ಆ ಅಂಜಿಕೆ ಬೇಕಾಗಿಲ್ಲ.

ಹಾಗಾದರೆ ಬಾವಲಿಯ ದನಿಯನ್ನೇ ಯಂತ್ರದಿಂದ ಹೊರಡಿಸಿ ಪತಂಗಗಳನ್ನು ಓಡಿಸಬಾರದೇಕೆ? ಈ ವಿಚಾರ ಶಾಸ್ತ್ರಜ್ಞರಿಗೂ ಬಂದಿತ್ತು. 1962ರಲ್ಲಿ ಕೆನಡಾದಲ್ಲಿ ಬೆಲ್ಟನ್ ಮತ್ತು ಕೆಂಪ್‌ಸ್ಟರ್ ಎಂಬವರು ಗೋವಿನಜೋಳದ ಹೊಲದಲ್ಲಿ ಇದನ್ನು ಮಾಡಿ ನೋಡಿದರು. ಕಾಂಡಕೊರಕದ ಬಾಧೆ ತಗ್ಗಿತು. ಆದರೆ ಅದು ಅಳತೆ ಹಿಡಿದು ಮಾಡಿದ ಪ್ರಯೋಗ. ಕೀರಲು ದನಿ ಗಾಳಿಯಲ್ಲಿ ಬಹಳ ದೂರ ಹೋಗುವದಿಲ್ಲ, ಹತ್ತು ಎಕರೆ ಹೊಲಕ್ಕೆ ಒಂದು ಪೆಟ್ಟಿಗೆ ಎಲ್ಲಿಗೂ ಸಾಲದು. ಬೆಳೆ ತಿನ್ನುವದು ಪತಂಗವಲ್ಲ, ಅದರ ಮರಿಹುಳ. ಅದಕ್ಕೆ ಪತಂಗದ ಈ ಕಿವಿಯೇ ಇಲ್ಲ. ಹೇನು, ಥ್ರಿಪ್ಸ್, ಬಿಳಿನೊಣಗಳಿಗೂ ಇಂಥ ಪೊರೆಯ ಕಿವಿ ಇಲ್ಲ. ಮನೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿ ಸೊಳ್ಳೆ ಓಡಿಸುವ ಸಪ್ಪಳದ ಪೆಟ್ಟಿಗೆಗಳನ್ನು ಶಾಸ್ತ್ರಜ್ಞರು ಎಷ್ಟೋ ಸಾರೆ ಪರೀಕ್ಷಿಸಿದ್ದಾರೆ. ಅದರಿಂದ ಸೊಳ್ಳೆಯ ಕಡಿತ ಕಡಿಮೆಯಾಗುವದಿಲ್ಲ. ಆ ದುಡ್ಡಿಗೆ ಒಂದು ಸೊಳ್ಳೆಪರದೆ ತರುವದೇ ಲೇಸು.

ಬೆಲೆ ಇಲ್ಲದೆ ಸಿಗುವ ಯಂತ್ರ ಒಂದಿದೆ. ಅದೇ ನಿಜವಾದ ಬಾವಲಿ. ಹಾಳು ಗುಡಿಯಲ್ಲಿ, ಹಳೆಯ ಬಾವಿಯಲ್ಲಿ, ಮಾಳಿಗೆಯ ಸಂದಿಯಲ್ಲಿ ಇರುವ ಸಣ್ಣ ಕಣ್ಣಕಪ್ಪಡಿಗಳು ರಾತ್ರಿಯೆಲ್ಲ ಪತಂಗ ತಿನ್ನುತ್ತವೆ. ಅಪಶಕುನವೆಂದು ಅವುಗಳಿಗೆ ಹೊಗೆ ಹಾಕಬೇಡಿರಿ. ಕೈಯಿಂದ ಮುಟ್ಟಲೂ ಬೇಡಿರಿ, ಅವು ಇದ್ದಲ್ಲಿ ಇರಲಿ. ಸಂಬಳ ಕೇಳದ ಕಾವಲುಗಾರರು ಅವು. ಹಗಲಿನ ಪಾಳಿಗೆ ಹಕ್ಕಿಗಳಿವೆ. ಕಡಲೆಯ ಹೊಲದಲ್ಲಿ ಅಲ್ಲಲ್ಲಿ ಅಡ್ಡಕಡ್ಡಿ ಕಟ್ಟಿದ ಗೂಟ ನೆಟ್ಟರೆ ಅವು ಬಂದು ಕುಳಿತು ಮರಿಹುಳ ಆರಿಸುತ್ತವೆ.

ಕೊನೆಗೆ ಔಷಧದ ಮಾತು. 1939ರಲ್ಲಿ ಸ್ವಿಜರ್ಲೆಂಡಿನ ಪೌಲ್ ಮ್ಯೂಲರ್ ಡಿ.ಡಿ.ಟಿ.ಯ ಹುಳ ಕೊಲ್ಲುವ ಗುಣ ಕಂಡುಹಿಡಿದಂದಿನಿಂದ ನಮಗೆ ಬಂದ ಬಹುಪಾಲು ಕೀಟನಾಶಕಗಳು ನರಕ್ಕೇ ಗುರಿ ಇಟ್ಟವು. ಧಾರವಾಡದಲ್ಲಿ ತಯಾರಾದ ವರಲಕ್ಷ್ಮಿ ಸಂಕರಣ ಹತ್ತಿ 1972ರಲ್ಲಿ ಬಂದ ಮೇಲೆ ನಮ್ಮ ಸೀಮೆಯಲ್ಲಿ ಹತ್ತಿಯ ಇಳುವರಿಯೂ ಏರಿತು, ಸಿಂಪರಣೆಯೂ ಏರಿತು. ಸೈಪರ್‌ಮೆಥ್ರಿನ್‌ನಂಥವು ನರದ ಮಿಡಿತ ನಿಲ್ಲದಂತೆ ಮಾಡುತ್ತವೆ. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್‌ನಂಥವು ಆಗ ಹೇಳಿದೆನಲ್ಲ, ಸಂದಿನ ರಸ ಒರೆಸುವ ಪದಾರ್ಥ, ಅದನ್ನೇ ಕಟ್ಟಿಹಾಕುತ್ತವೆ. ಮಡಿಯ ಬಾಯಿ ಮುಚ್ಚುವವರೇ ಇಲ್ಲದಂತಾಗುತ್ತದೆ. ಮಿಡಿತದ ಮೇಲೆ ಮಿಡಿತ ಬಂದು ಹುಳ ನಡುಗಿ ಸಾಯುತ್ತದೆ.

ಆ ರಸ, ಆ ಒರೆಸುವ ಪದಾರ್ಥ ಎರಡೂ ನಿಮ್ಮ ಮೈಯಲ್ಲಿಯೂ ಇವೆ. ನಮ್ಮ ಸ್ನಾಯು ಅಲುಗುವದು, ಉಸಿರಾಡುವದು ಅದೇ ರಸದಿಂದ. ಹುಳಕ್ಕೆ ಹನಿ ಸಾಕು, ನಮಗೆ ಹೆಚ್ಚು ಬೇಕು ಅಷ್ಟೆ. ಬರಿಗೈಯಿಂದ ಔಷಧ ಕಲಸಿ, ಗಾಳಿಗೆ ಎದುರಾಗಿ ಸಿಂಪಡಿಸಿ, ಅದೇ ಕೈಯಿಂದ ರೊಟ್ಟಿ ತಿಂದರೆ ಆ ಹೆಚ್ಚು ದಿನದಿನಕ್ಕೆ ಕೂಡುತ್ತದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಎರಚಿದ ಊರುಗಳಲ್ಲಿ, ನಮ್ಮ ದಕ್ಷಿಣ ಕನ್ನಡದ ಕೆಲವು ಹಳ್ಳಿಗಳಲ್ಲಿ, ನರದ ಬೇನೆಯಿಂದ, ಅಂಗವಿಕಲತೆಯಿಂದ ಮಕ್ಕಳು ನರಳಿದ ಮನೆಗಳ ಕೂಗು ದೇಶವೆಲ್ಲ ಕೇಳಿತು. 2011ರ ಮೇ 13ರಂದು ಸುಪ್ರೀಮ್ ಕೋರ್ಟು ಆ ಔಷಧವನ್ನು ನಿಲ್ಲಿಸಿತು. ಅದೂ ನರದ ವಿಷವೇ ಆಗಿತ್ತು.

ಆದುದರಿಂದ ತಾಯಂದಿರೇ, ಅಣ್ಣಂದಿರೇ, ಇಷ್ಟು ನಡೆಸಿರಿ. ಹುಳ ಎಷ್ಟಿದೆ ಎಂದು ಮೋಹಕ ಬಲೆ ಕಟ್ಟಿ ಎಣಿಸಿದ ಮೇಲೆಯೇ ಸಿಂಪರಣೆಯ ವಿಚಾರ ಮಾಡಿರಿ. ಸಿಂಪಡಿಸಬೇಕಾದರೆ ಕೈಚೀಲ, ಮುಖವಸ್ತ್ರ, ತುಂಬುತೋಳಿನ ಅಂಗಿ ಇರಲಿ, ಗಾಳಿ ಬೆನ್ನಿಗಿರಲಿ. ಆ ಅಂಗಿಯನ್ನು ಮನೆಯ ಬಟ್ಟೆಯೊಂದಿಗೆ ಒಗೆಯಬೇಡಿರಿ. ಖಾಲಿ ಡಬ್ಬಿಯನ್ನು ನೀರಿಗೆ, ಕಾಳಿಗೆ ಬಳಸಬೇಡಿರಿ. ಸಿಂಪಡಿಸಿದವನಿಗೆ ಬಾಯಲ್ಲಿ ಜೊಲ್ಲು, ಮೈಯಲ್ಲಿ ಬೆವರು, ಕಣ್ಣು ಮಂಜು, ವಾಂತಿ, ಸ್ನಾಯುಗಳ ಅದುರು ಕಂಡರೆ ದಣಿವು ಎಂದು ಮಲಗಿಸಬೇಡಿರಿ. ಸಂದಿನ ರಸ ಉಕ್ಕಿ ಹರಿಯುತ್ತಿದೆ ಎಂದು ತಿಳಿಯಿರಿ. ಅಂಗಿ ಕಳಚಿ, ಸಾಬೂನಿನಿಂದ ಮೈ ತೊಳೆದು, ಔಷಧದ ಡಬ್ಬಿಯನ್ನು ಸಂಗಡ ತೆಗೆದುಕೊಂಡು ಕೂಡಲೆ ದವಾಖಾನೆಗೆ ಒಯ್ಯಿರಿ. ಡಬ್ಬಿಯ ಮೇಲಿನ ಹೆಸರು ನೋಡಿ ಡಾಕ್ಟರರು ತಕ್ಕ ಮದ್ದು ಕೊಡುತ್ತಾರೆ.

ಕಡಲೆ ಹೂವಿಗೆ ಬಂದ ಮೇಲೆ ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗಿರಿ. ಎಷ್ಟು ಬಗೆಯ ದನಿ ಕೇಳುತ್ತವೆ ಎಂದು ಅವರಿಂದ ಎಣಿಸಿರಿ, ಕಣ್ಣಕಪ್ಪಡಿ ಯಾವ ಹೊತ್ತಿಗೆ ಹೊರಬೀಳುತ್ತದೆ ಎಂದು ನೋಡಿ ಇಡಿರಿ. ಮುಂದಿನ ವರ್ಷ ಅವು ಕಡಿಮೆಯಾದವೋ ಹೆಚ್ಚಾದವೋ ಎಂಬುದು ಆ ಲೆಕ್ಕದಿಂದ ತಿಳಿಯುತ್ತದೆ.